ಪರದೇಶದ ಬಂದರಲ್ಲಿ ಒಂದೆರಡು ದಿನ: ಹಾಯಿದೋಣಿ ನಿಲ್ಲಿಸುವುದು ಹೇಗೆ?

ಹಾಯಿದೋಣಿಯಲ್ಲಿ ದೂರ ಹೊರಟವರು ಕಣ್ಣಿಗೆ ಬಿದ್ದ ಊರಲ್ಲೆಲ್ಲ ಸುಮ್ನೆ ಇಳಿಯುವಂತಿಲ್ಲ. ಒಂದೇ ರಾತ್ರಿ ತಂಗಿದರೂ ಕಾಗದಪತ್ರದ ಕೆಲಸ ತಿಂಗಳುಗಟ್ಟಲೆ ಇರುವವರಷ್ಟೇ ಇರುತ್ತದೆ. ಅದಕ್ಕೇ ಅರ್ಧ ಕೆಲಸ ಹೊರಡುವ ಮೊದಲೇ ಮುಗಿದಿರಬೇಕು.

ಹೊರಡುವ ಮೊದಲು

ಕಸ್ಟಮ್ಸ್, ಇಮಿಗ್ರೇಷನ್ ಇರುವ ಬಂದರನ್ನೇ ಆರಿಸಿ. ಪುಟ್ಟ ಬಂದರು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಕಚೇರಿ ಇಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗುವಂತಿಲ್ಲ. ಕೆಲವು ದೇಶಗಳಿಗೆ ಮುಂಚೆಯೇ ತಿಳಿಸಬೇಕು. ಆಸ್ಟ್ರೇಲಿಯಾಕ್ಕಾದರೆ ಕನಿಷ್ಠ 12 ಗಂಟೆ ಮೊದಲು. ಪಾಸ್‌ಪೋರ್ಟ್, ದೋಣಿಯ ನೋಂದಣಿ, ವಿಮೆ, ದೋಣಿಯಲ್ಲಿರುವವರ ಪಟ್ಟಿ, ಹಿಂದಿನ ಬಂದರು ಕೊಟ್ಟ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಪಟ್ಟಿಯ ಪ್ರತಿ ಜಾಸ್ತಿಯೇ ಇರಲಿ, ಪ್ರತಿ ಮೇಜಿನಲ್ಲೂ ಒಂದೊಂದು ಕೇಳುತ್ತಾರೆ.

ಒಳಗೆ ಬರುವಾಗ

ಬೆಳಕಿರುವಾಗಲೇ ತಲುಪಿ. ಯುರೋಪಿನಲ್ಲಿ ಸಮುದ್ರದಿಂದ ಒಳಗೆ ಬರುವಾಗ ದೋಣಿ ಸಾಗುವ ದಾರಿಯ ಅಂಚು ತೋರಿಸುವ ಕೆಂಪು ತೇಲುಗುರುತು ಎಡಕ್ಕಿರುತ್ತದೆ. ಅಮೆರಿಕ, ಜಪಾನ್‌ಗಳಲ್ಲಿ ಬಲಕ್ಕೆ. ಕತ್ತಲಲ್ಲಿ ಇದು ಅದಲುಬದಲಾದರೆ ದೋಣಿ ನೇರ ಬಂಡೆಗೆ!

ಹಾಯಿಕಂಬದ ಬಲಬದಿಗೆ ಹಳದಿ ಬಾವುಟ ಏರಿಸಿ. ‘ದೋಣಿಯಲ್ಲಿ ಕಾಯಿಲೆ ಇಲ್ಲ, ಒಳಗೆ ಬಿಡಿ’ ಎಂದು ಕೇಳುವ ಗುರುತು ಅದು. ಸಾಮಾನ್ಯವಾಗಿ ಅನುಮತಿ ಸಿಗುವವರೆಗೆ ಕ್ಯಾಪ್ಟನ್ ಒಬ್ಬರೇ ದಡಕ್ಕೆ ಹೋಗಬಹುದು, ಉಳಿದವರು ದೋಣಿಯಲ್ಲೇ. ಮುದ್ರೆ ಬಿದ್ದ ಮೇಲೆ ಹಳದಿ ಇಳಿಸಿ, ಆ ದೇಶದ ಬಾವುಟ ಹಾರಿಸಿ. ಅದು ಹರಿದದ್ದೋ ಬಣ್ಣ ಮಾಸಿದ್ದೋ ಆಗಿದ್ದರೆ ಅವಮಾನ ಅಂದುಕೊಳ್ಳುವವರಿದ್ದಾರೆ. ಉಳಿದ ಹಣ್ಣು, ಮಾಂಸವನ್ನು ಅಧಿಕಾರಿಗಳು ಕಸಿದುಕೊಳ್ಳಬಹುದು. ಮೊದಲೇ ತಿಂದು ಮುಗಿಸುವುದು ವಾಸಿ ಅಲ್ವಾ?

ಲಂಗರು

ಇಲ್ಲಿ ಮಾತ್ರ ಅವಸರ ಬೇಡ. ಆಳ 4 ಮೀಟರ್ ಎಂದು ಯಂತ್ರ ತೋರಿಸಿತು ಅನ್ನಿ. ಉಬ್ಬರದಲ್ಲಿ ಇನ್ನೂ 2 ಮೀಟರ್ ಏರುತ್ತದೆ, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್. ಒಟ್ಟು 7. ಇದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬಿಡಬೇಕು. ಬರೀ 4 ಮೀಟರ್ ಲೆಕ್ಕ ಹಿಡಿದು 20 ಬಿಟ್ಟವರಿಗೆ ಉಬ್ಬರದ ಹೊತ್ತಿಗೆ ಮೂರು ಪಟ್ಟೂ ಉಳಿಯುವುದಿಲ್ಲ. ಸರಪಳಿ ನೆಟ್ಟಗಾಗಿ ಲಂಗರನ್ನು ಮೇಲಕ್ಕೆ ಎಳೆಯುತ್ತದೆ, ದೋಣಿ ಜಾರುತ್ತದೆ. ಸರಪಳಿ ಬಿಟ್ಟ ಮೇಲೆ ಎಂಜಿನ್ನನ್ನು ಮೆಲ್ಲಗೆ ಹಿಂದಕ್ಕೆ ಓಡಿಸಿ ಎಳೆದು ನೋಡಿ. ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು ಹಿಡಿದುಕೊಳ್ಳಿ, ದೀಪದ ಕಂಬ ಮತ್ತು ಅದರ ಹಿಂದಿನ ಚಿಮಣಿ ಇದ್ದ ಹಾಗೆ. ಅವು ಒಂದಕ್ಕೊಂದು ಸರಿದರೆ ಲಂಗರು ಕಚ್ಚಿಲ್ಲ, ಎತ್ತಿ ಮತ್ತೆ ಹಾಕಿ.

ಊರಲ್ಲಿ

ಮೊದಲು ನೀರು, ಡೀಸೆಲ್. ಪಂಪ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಆಗಲೇ ಕೇಳಿ. ಕಸವನ್ನು ದಡದ ತೊಟ್ಟಿಗೇ ಹಾಕಿ. ಲಂಗರು ಹಾಕಿದ ಕಡೆಯಿಂದ ದಡಕ್ಕೆ ಬಂದ ಸಣ್ಣ ದೋಣಿಯನ್ನು ಕಟ್ಟುವಾಗ ಹಗ್ಗ ಉದ್ದಕ್ಕೆ ಬಿಡಿ. ಇಲ್ಲದಿದ್ದರೆ ಇಳಿತಕ್ಕೆ ಅದು ಗೋಡೆಗೆ ನೇತಾಡುತ್ತದೆ. ಆಮೇಲೆ ತಿರುಗಾಟ. ಒಂದು ದಿನದಲ್ಲಿ ಇಡೀ ಊರು ನೋಡುವ ಹಟ ಬೇಡ. ಬಂದರಿನ ಸುತ್ತಲ ನಾಲ್ಕು ಬೀದಿ, ಬೆಳಗಿನ ಮೀನುಪೇಟೆ ಧಾರಾಳವಾಯಿತು.

ಹೊರಡುವಾಗ

ಹೊರಹೋಗುವ ಅನುಮತಿ ಪತ್ರ ಮರೆಯಬೇಡಿ, ಮುಂದಿನ ದೇಶ ಕೇಳುವುದು ಅದನ್ನೇ. ಆದರೆ ಅದನ್ನು ಪಡೆಯುವ ಮೊದಲು ಹವಾಮಾನ ನೋಡಿಕೊಳ್ಳಿ. ಕೆಲವೆಡೆ ಮುದ್ರೆ ಬಿದ್ದ ಮೇಲೆ ಹೊರಡಲು ಗಡುವಿರುತ್ತದೆ. ಅಷ್ಟರಲ್ಲಿ ಗಾಳಿ ಕೆಟ್ಟರೆ ಮತ್ತೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು.