ಒಂದೇ ಮನೆ ಹಿಡಿದು ಶಾಂಪೇನ್ ಕಲಿತದ್ದು: ಬೊಲಿಂಜರ್ ಜೊತೆ ನನ್ನ ಅನುಭವ

ಲಂಡನ್ನಿನ ಒಂದು ರೆಸ್ಟೋರೆಂಟಿನಲ್ಲಿ ವೈನ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಊರು ಕುಂದಾಪುರ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈ ಕಡೆ ಕೆಲಸಕ್ಕೆ ಬಂದ ನಮ್ಮ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಶಾಂಪೇನ್‌ನಲ್ಲಿ ಇಷ್ಟೊಂದು ಹೆಸರು, ಇಷ್ಟೊಂದು ಬಗೆ. ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಒಂದೇ ಮನೆ ಹಿಡಿ, ಅದರ ಮಾಮೂಲಿ ಬಾಟಲಿಯಿಂದ ಶುರು ಮಾಡು ಅನ್ನುತ್ತೇನೆ. ನಾನು ಕಲಿತದ್ದೂ ಹಾಗೇ.

ಶಾಂಪೇನ್ ತಯಾರಿಸುವ ಕಂಪನಿಗಳನ್ನು ಅಲ್ಲಿಯವರು ಮನೆ ಎಂದೇ ಕರೆಯುತ್ತಾರೆ. ನಾನು ಹಿಡಿದ ಮನೆ ಬೊಲಿಂಜರ್. ಅದು ಶುರುವಾದದ್ದು 1829ರಲ್ಲಿ, ಮಾರ್ನ್ ನದಿ ದಡದ ಆಯಿ ಎಂಬ ಊರಿನಲ್ಲಿ. ಇವತ್ತಿಗೂ ಅಲ್ಲೇ ಇದೆ. ಇದನ್ನೇ ಆರಿಸಲು ಕಾರಣ ಇತ್ತು. ಇವರ ಬಾಟಲಿಗಳೆಲ್ಲ ಒಂದೇ ಬೇರಿನಿಂದ ಬಂದವು. ಪಿನೊ ನ್ವಾರ್ ದ್ರಾಕ್ಷಿ, ಓಕ್ ಮರದ ಹಳೆಯ ಪೀಪಾಯಿ, ಮತ್ತೆ ನೆಲಮಾಳಿಗೆಯಲ್ಲಿ ಕಾಯುವ ಕಾಲ. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹೋದಾಗ ಬದಲಾಗುವುದು ಒಂದೆರಡು ಸಂಗತಿ ಮಾತ್ರ. ಹಾಗಾಗಿ ಯಾವುದರಿಂದ ಯಾವ ರುಚಿ ಬಂತು ಅನ್ನುವುದು ನಾಲಿಗೆಗೆ ಬೇಗ ತಿಳಿಯುತ್ತದೆ.

ಮೊದಲು ಸ್ಪೆಷಲ್ ಕುವೇ. ಇದು ಮನೆಯ ದಿನಬಳಕೆಯ ಶಾಂಪೇನ್. ಲೇಬಲ್ಲಿನಲ್ಲಿ ವರ್ಷ ಇರುವುದಿಲ್ಲ. ಮೂರು ತಳಿಯ ದ್ರಾಕ್ಷಿಗಳ ಮಿಶ್ರಣ: ನೂರಕ್ಕೆ 60 ಭಾಗ ಪಿನೊ ನ್ವಾರ್, 25 ಭಾಗ ಶಾರ್ಡೊನೆ, 15 ಭಾಗ ಮ್ಯುನಿಯೆ. ಪಿನೊ ನ್ವಾರ್ ಕಪ್ಪು ದ್ರಾಕ್ಷಿ, ಆದರೆ ಒಳಗಿನ ರಸ ಬಿಳಿ. ಸಿಪ್ಪೆಯ ಬಣ್ಣ ಇಳಿಯದ ಹಾಗೆ ಮೆಲ್ಲಗೆ ಹಿಂಡಬೇಕು. 4000 ಕಿಲೋ ದ್ರಾಕ್ಷಿಯಿಂದ 2550 ಲೀಟರ್ ರಸ ತೆಗೆಯಬಹುದು, ಅದಕ್ಕಿಂತ ಜಾಸ್ತಿ ಹಿಂಡಿದರೆ ಅದು ಶಾಂಪೇನ್‌ಗೆ ಸಲ್ಲುವುದಿಲ್ಲ. ಅಲ್ಲಿನ ಕಾನೂನು ಅಷ್ಟು ಬಿಗಿ.

ಶಾಂಪೇನ್ ಸೀಮೆ ಫ್ರಾನ್ಸಿನ ಉತ್ತರದಲ್ಲಿದೆ. ಚಳಿ ಜಾಸ್ತಿ, ಬಿಸಿಲಿಗೆ ಖಾತ್ರಿಯಿಲ್ಲ. ಒಂದು ವರ್ಷದ ದ್ರಾಕ್ಷಿ ಇನ್ನೊಂದು ವರ್ಷದ ಹಾಗಿರುವುದಿಲ್ಲ. ಆದರೂ ಸ್ಪೆಷಲ್ ಕುವೇ ಪ್ರತಿ ಸಲವೂ ಸ್ಪೆಷಲ್ ಕುವೇ ಆಗಿಯೇ ಇರಬೇಕು. ನಮ್ಮಮ್ಮ ಮಾಡುವ ಸಾರಿನ ಪುಡಿಯ ಹಾಗೆ. ಮೆಣಸಿನಕಾಯಿಯ ಖಾರ ವರ್ಷ ವರ್ಷ ಬೇರೆ, ಆದರೆ ಪುಡಿಯ ಘಮ ನಮ್ಮ ಮನೆಯದೇ. ಇದಕ್ಕಾಗಿ ಶಾಂಪೇನ್ ಮನೆಗಳು ಹಿಂದಿನ ವರ್ಷಗಳ ವೈನ್ ತೆಗೆದಿಟ್ಟಿರುತ್ತವೆ. ಹೆಚ್ಚಿನ ಮನೆಗಳು ಅದನ್ನು ದೊಡ್ಡ ಟ್ಯಾಂಕುಗಳಲ್ಲಿ ಇಡುತ್ತವೆ. ಬೊಲಿಂಜರ್ ಅದರಲ್ಲಿ ಒಂದು ಭಾಗವನ್ನು ಮ್ಯಾಗ್ನಮ್‌ಗಳಲ್ಲಿ, ಅಂದರೆ ಒಂದೂವರೆ ಲೀಟರಿನ ಬಾಟಲಿಗಳಲ್ಲಿ ತುಂಬಿಸಿ, ಕಾರ್ಕ್ ಹಾಕಿ, 5ರಿಂದ 15 ವರ್ಷ ಇಡುತ್ತದೆ. ಊರೂರಿನ ವೈನೂ ಬೇರೆ, ವರ್ಷ ವರ್ಷದ್ದೂ ಬೇರೆ. ಅಂಥ ಲಕ್ಷಗಟ್ಟಲೆ ಬಾಟಲಿಗಳು ನೆಲಮಾಳಿಗೆಯಲ್ಲಿವೆ. ಮಿಶ್ರಣ ಮಾಡುವಾಗ ಅವನ್ನು ಒಂದೊಂದಾಗಿ ಬಿಚ್ಚುತ್ತಾರೆ. ನನ್ನ ಲೆಕ್ಕದಲ್ಲಿ ಈ ಮನೆಯ ನಿಜವಾದ ಆಸ್ತಿ ಇದು. ದುಡ್ಡು ಕೊಟ್ಟು ಯಾರು ಬೇಕಾದರೂ ತೋಟ ಕೊಳ್ಳಬಹುದು, ಹದಿನೈದು ವರ್ಷದ ಕಾಲವನ್ನು ಕೊಳ್ಳಲಾಗದು.

ಸ್ಪೆಷಲ್ ಕುವೇ ಜೊತೆ ನಾನು ತುಂಬಾ ದಿನ ಇದ್ದೆ. ಬೇಗ ಮೇಲಿನ ಬಾಟಲಿಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಅದನ್ನು ತಡೆದುಕೊಂಡೆ. ಉದ್ದ ಕೊಳವೆಯಂಥ ಗ್ಲಾಸು ಬಿಟ್ಟು ಹೊಟ್ಟೆ ಸ್ವಲ್ಪ ಅಗಲ, ಬಾಯಿ ಕಿರಿದು ಇರುವ ಗ್ಲಾಸು ಹಿಡಿದೆ. 8 ಡಿಗ್ರಿಯಲ್ಲಿ ಮೊದಲ ಗುಟುಕು. ಆಮೇಲೆ ಗ್ಲಾಸನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟು, 12 ಡಿಗ್ರಿ ಹತ್ತಿರ ಬಂದಾಗ ಮತ್ತೊಂದು ಗುಟುಕು. ತಣ್ಣಗಿದ್ದಾಗ ಗುಳ್ಳೆ ಮತ್ತು ಹುಳಿ ಮುಂದೆ ಬರುತ್ತವೆ. ಬೆಚ್ಚಗಾದಂತೆ ಮಾಗಿದ ಸೇಬು, ಪೇರ್ ಹಣ್ಣು, ಬ್ರೆಡ್ಡು, ಸ್ವಲ್ಪ ಅಕ್ರೋಟು. ಈ ಅಕ್ರೋಟಿನ ವಾಸನೆಯೇ ನನಗೆ ಬೊಲಿಂಜರ್ ಗುರುತು. ಓಕ್ ಪೀಪಾಯಿಯ ಒಳಗೆ ತುಸು ತುಸುವೇ ಗಾಳಿಯಾಡಿದ ವೈನಿನಲ್ಲಿ ಅದು ಬರುತ್ತದೆ.

ಒಂದು ಮನೆಯ ಗುಣ ಚೆನ್ನಾಗಿ ಕಾಣಬೇಕಾದರೆ ಪಕ್ಕದಲ್ಲಿ ಬೇರೆ ಮನೆಯದು ಇರಬೇಕು. ನಾನು ಟೈಟಿಂಜರ್ ಬ್ರೂಟ್ ರಿಸರ್ವ್ ಇಟ್ಟುಕೊಂಡೆ. ಅದರಲ್ಲಿ ಸುಮಾರು 40 ಭಾಗ ಶಾರ್ಡೊನೆ. ನಿಂಬೆ, ಬಿಳಿ ಹೂವು, ಹಗುರ ಮೈ. ಆ ಕಡೆ ಒಂದು ಗುಟುಕು, ಈ ಕಡೆ ಒಂದು ಗುಟುಕು ಕುಡಿದಾಗ ಬೊಲಿಂಜರಿನ ದಪ್ಪ ಮೈ, ಬಾಯಿ ತುಂಬುವ ಗುಣ ಎದ್ದು ಕಾಣಿಸಿತು. ಯಾವುದು ಮೇಲು ಅನ್ನುವ ಪ್ರಶ್ನೆ ಬೇಡ. ಬರೀ ಹರಟೆಗೆ ಕೂತಾಗ ನನಗೆ ಟೈಟಿಂಜರ್ ಇಷ್ಟ. ಊಟಕ್ಕೆ ಬೊಲಿಂಜರ್. ನಮ್ಮ ಕಡೆಯ ಅಂಜಲ್ ರವಾ ಫ್ರೈ ಮಾಡಿ ಜೊತೆಗೆ ಸ್ಪೆಷಲ್ ಕುವೇ ಇಟ್ಟು ನೋಡಿ. ಕರಿದ ಎಣ್ಣೆಯ ಜಿಡ್ಡನ್ನು ಹುಳಿ ತೊಳೆದು ಹಾಕುತ್ತದೆ, ಮೀನಿನ ಮಸಾಲೆಗೆ ಪಿನೊ ನ್ವಾರ್ ಎದುರು ನಿಲ್ಲುತ್ತದೆ. ಖಾರ ಮಾತ್ರ ಕಮ್ಮಿ ಇರಲಿ. ಜಾಸ್ತಿಯಾದರೆ ಗುಳ್ಳೆಗಳು ನಾಲಿಗೆಗೆ ಚುಚ್ಚುತ್ತವೆ.

ರೋಜೆ, ಅಂದರೆ ಗುಲಾಬಿ ಬಣ್ಣದ ಶಾಂಪೇನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪೆಷಲ್ ಕುವೇ ಮಾದರಿಯ ಮಿಶ್ರಣಕ್ಕೆ ಸ್ವಲ್ಪ ಕೆಂಪು ವೈನ್ ಸೇರಿಸುತ್ತಾರೆ. ಕೆಂಪು ಪಾಲು ನೂರಕ್ಕೆ ಐದಾರು ಭಾಗ, ಅಷ್ಟೇ. ಅಷ್ಟಕ್ಕೇ ಸ್ಟ್ರಾಬೆರಿಯ ವಾಸನೆ, ಕೊನೆಗೊಂದು ತೆಳು ಒಗರು ಬರುತ್ತದೆ. ಬಾತುಕೋಳಿಯ ಅಡುಗೆಗೆ ನಾನು ಇದನ್ನೇ ಕೊಡುವುದು.

ಈಚಿನ ವರ್ಷಗಳಲ್ಲಿ ಬಂದ ಪಿ.ಎನ್. ಸಾಲಿನ ಬಾಟಲಿಗಳು ಕಲಿಯುವವರಿಗೆ ಒಳ್ಳೆಯ ಪಾಠ. ಇವು ಪೂರ್ತಿ ಪಿನೊ ನ್ವಾರ್. ವಿ.ಝಡ್. 15 ಅಂದರೆ ವೆರ್ಜನೆ ಎಂಬ ಹಳ್ಳಿ, ಮುಖ್ಯ ಕೊಯ್ಲು 2015ರದ್ದು. ಟಿ.ಎಕ್ಸ್. 17ರಲ್ಲಿ ತೊಜಿಯೇರ್ ಹಳ್ಳಿ, ಎ.ವೈ.ಸಿ. 18ರಲ್ಲಿ ಆಯಿ. ವರ್ಷ ಬೇರೆ ಬೇರೆ ಆದ್ದರಿಂದ ಹೋಲಿಕೆ ಪೂರ್ತಿ ಸರಿಯಾಗುವುದಿಲ್ಲ. ಆದರೂ ಹಳ್ಳಿಯ ವ್ಯತ್ಯಾಸ ಬಾಯಿಗೆ ಬರುತ್ತದೆ. ವೆರ್ಜನೆಯ ತೋಟಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಜಾಸ್ತಿ, ಅದರ ವೈನ್ ನೆಟ್ಟಗೆ, ಬಿಗಿಯಾಗಿ ಇರುತ್ತದೆ. ಆಯಿಯದು ದಕ್ಷಿಣದ ಬಿಸಿಲು ಕಾಯಿಸಿಕೊಂಡ ಇಳಿಜಾರು, ಅದರ ವೈನ್ ದುಂಡಗೆ, ಹಣ್ಣು ಹಣ್ಣಾಗಿ. ಈ ಎರಡು ಹಳ್ಳಿಗಳ ರುಚಿ ತಲೆಯಲ್ಲಿ ಕೂತ ಮೇಲೆ ಸ್ಪೆಷಲ್ ಕುವೇಯಲ್ಲೂ ಅವನ್ನು ಹುಡುಕುವುದು ಸುಲಭವಾಯಿತು.

ಆಮೇಲೆ ಲಾ ಗ್ರಾಂಡ್ ಅನ್ನೇ. ಕೊಯ್ಲು ಚೆನ್ನಾಗಿ ಬಂದ ವರ್ಷಗಳಲ್ಲಿ ಮಾತ್ರ ಮಾಡುವ, ಒಂದೇ ವರ್ಷದ ದ್ರಾಕ್ಷಿಯ ಶಾಂಪೇನ್. ಇದರ ಮೊದಲ ಹುದುಗು, ಅಂದರೆ ರಸ ವೈನ್ ಆಗುವುದು, ಪೂರ್ತಿ ಓಕ್ ಪೀಪಾಯಿಗಳಲ್ಲಿ. ಪೀಪಾಯಿಗಳು ಹಳೆಯವು, ಹಾಗಾಗಿ ಮರದ ರುಚಿ ವೈನಿಗೆ ಇಳಿಯುವುದಿಲ್ಲ. ಅವನ್ನು ರಿಪೇರಿ ಮಾಡಲು ಮನೆಯಲ್ಲೇ ಪೀಪಾಯಿ ಕಟ್ಟುವ ಬಡಗಿ ಇದ್ದಾರೆ. ಎರಡನೇ ಹುದುಗು ಬಾಟಲಿಯೊಳಗೆ ನಡೆಯುತ್ತದೆ, ಗುಳ್ಳೆ ಹುಟ್ಟುವುದು ಆಗಲೇ. ಆ ಹೊತ್ತಿಗೆ ಹೆಚ್ಚಿನ ಕಡೆ ಸೋಡಾ ಬಾಟಲಿಯ ಮುಚ್ಚಳದಂಥ ತಗಡಿನ ಮುಚ್ಚಳ ಹಾಕುತ್ತಾರೆ. ಇಲ್ಲಿ ಕಾರ್ಕ್ ಹಾಕಿ ಲೋಹದ ಕ್ಲಿಪ್ಪಿನಿಂದ ಬಿಗಿಯುತ್ತಾರೆ. ಆ ಹುದುಗಿನಿಂದ ಬಾಟಲಿಯಲ್ಲಿ ಉಳಿದ ಈಸ್ಟಿನ ಮಡ್ಡಿ ತೆಗೆಯುವಾಗ ಪ್ರತಿ ಬಾಟಲಿಯನ್ನೂ ಕೈಯಲ್ಲೇ ಬಿಚ್ಚಬೇಕು. ಬಿಚ್ಚಿದವರು ಮೂಸಿ ನೋಡುತ್ತಾರೆ, ಕಾರ್ಕಿನಿಂದ ಕೆಟ್ಟ ವಾಸನೆ ಬಂದಿದ್ದರೆ ಆ ಬಾಟಲಿ ಅಲ್ಲಿಗೇ ಬದಿಗೆ. ಮಷಿನ್ನಿಗೆ ಮೂಗಿಲ್ಲವಲ್ಲ.

ನನ್ನ ಕಲಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಮುಂದಿನ ಹೆಜ್ಜೆ. ಮೇಲೆ ಹೇಳಿದ ಇದೇ ವೈನಿನ ಕೆಲವು ಬಾಟಲಿಗಳನ್ನು ಮಾರದೆ ಈಸ್ಟಿನ ಮಡ್ಡಿಯ ಮೇಲೆ ಇನ್ನೂ ವರ್ಷಗಟ್ಟಲೆ ಇಡುತ್ತಾರೆ. ಮಾರುವ ಸಮಯ ಹತ್ತಿರ ಬಂದಾಗ ಮಾತ್ರ ಮಡ್ಡಿ ತೆಗೆಯುತ್ತಾರೆ. ಅದೇ ಆರ್.ಡಿ., ಅಂದರೆ ಫ್ರೆಂಚಿನಲ್ಲಿ 'ಈಚೆಗೆ ಮಡ್ಡಿ ತೆಗೆದದ್ದು' ಅನ್ನುವುದರ ಚಿಕ್ಕ ರೂಪ. ಇದನ್ನು ಶುರು ಮಾಡಿದ್ದು ಲಿಲಿ ಬೊಲಿಂಜರ್. 1941ರಲ್ಲಿ, ಯುದ್ಧದ ನಡುವೆ, ಗಂಡ ತೀರಿಕೊಂಡ ಮೇಲೆ ಮನೆಯ ಹೊಣೆ ಹೊತ್ತು 1971ರವರೆಗೆ ನಡೆಸಿದವರು. ದ್ರಾಕ್ಷಿ ತೋಟಗಳಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದರು. 1952ರ ಕೊಯ್ಲಿನ ವೈನನ್ನು 1967ರಲ್ಲಿ ಆರ್.ಡಿ. ಎಂದು ಹೊರಗೆ ತಂದರು. ಹಳೆಯ ವರ್ಷದ ಶಾಂಪೇನನ್ನು ಹೊಸದಾಗಿ ಮಡ್ಡಿ ತೆಗೆದು ಮಾರುವುದು ಆಗ ದೊಡ್ಡ ಧೈರ್ಯದ ಮಾತು.

ನಾನು 2008ರ ಲಾ ಗ್ರಾಂಡ್ ಅನ್ನೇ ಮತ್ತು 2008ರ ಆರ್.ಡಿ. ಎರಡನ್ನೂ ಒಟ್ಟಿಗೆ ಬಿಚ್ಚಿಸಿದೆ. ಖರ್ಚು ದೊಡ್ಡದು, ಕೆಲಸದ ಗೆಳೆಯರೆಲ್ಲ ಸೇರಿ ಹಂಚಿಕೊಂಡೆವು. ಒಂದೇ ಕೊಯ್ಲು, ಒಂದೇ ಮಿಶ್ರಣ. ಬೇರೆಯಾದದ್ದು ಮಡ್ಡಿಯ ಮೇಲಿದ್ದ ಕಾಲ, ಮತ್ತೆ ಕೊನೆಗೆ ಸೇರಿಸುವ ಸಕ್ಕರೆ. ಮೊದಲನೆಯದಕ್ಕೆ ಲೀಟರಿಗೆ ಸುಮಾರು 8 ಗ್ರಾಂ, ಆರ್.ಡಿ.ಗೆ 3 ಗ್ರಾಂ. ಮೊದಲನೆಯದರಲ್ಲಿ ಹಣ್ಣು ಮುಂದೆ, ಜೇನು, ಸುಟ್ಟ ಬ್ರೆಡ್ಡು. ಆರ್.ಡಿ.ಯಲ್ಲಿ ಹುರಿದ ಬಾದಾಮಿ, ಅಣಬೆ, ಕಾಫಿ ಬೀಜದ ಸುಳಿವು, ಆದರೆ ಬಾಯಲ್ಲಿ ಅದೇ ಹೆಚ್ಚು ಎಳೆಯದು ಅನ್ನಿಸಿತು! ಮಡ್ಡಿಯ ಜೊತೆಗಿದ್ದಷ್ಟು ಕಾಲ ಈಸ್ಟು ಆಮ್ಲಜನಕವನ್ನು ಹೀರಿಕೊಂಡು ವೈನನ್ನು ಕಾಯುತ್ತದೆ, ಸಕ್ಕರೆ ಕಮ್ಮಿ ಇರುವುದರಿಂದ ಹುಳಿ ನೇರವಾಗಿ ಸಿಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆ ದಿನ ನಾಲಿಗೆಗೆ ಅರ್ಥವಾಯಿತು. ಅವತ್ತಿನಿಂದ ಆರ್.ಡಿ. ಕೈಗೆ ಬಂದರೆ ಮೊದಲು ತಿರುಗಿಸಿ ಹಿಂದಿನ ಲೇಬಲ್ಲಿನಲ್ಲಿ ಮಡ್ಡಿ ತೆಗೆದ ದಿನಾಂಕ ನೋಡುತ್ತೇನೆ.

ಆಯಿಗೆ ಹೋಗುವುದು ಕಷ್ಟವಲ್ಲ. ಪ್ಯಾರಿಸ್ಸಿನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಎಪರ್ನೆಗೆ ರೈಲು, ಅಲ್ಲಿಂದ ಆಯಿ ಹತ್ತಿರದಲ್ಲೇ. ನಾನು ಹೋದದ್ದು ಬೊಲಿಂಜರಿನ ಎರಡು ಸಣ್ಣ ತೋಟಗಳನ್ನು ನೋಡುವ ಆಸೆಯಿಂದ. ಒಂದು ಕ್ಲೋ ಸೇಂಟ್ ಜಾಕ್, ಇನ್ನೊಂದು ಶೋಡ್ ತೇರ್. 19ನೇ ಶತಮಾನದ ಕೊನೆಗೆ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಹುಳು ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ಆಮೇಲೆ ಹೆಚ್ಚಿನ ಕಡೆ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ಬೆಳೆಸಿದರು. ಈ ಎರಡು ತೋಟಗಳಲ್ಲಿ ಕಸಿ ಇಲ್ಲದ ಪಿನೊ ನ್ವಾರ್ ಇನ್ನೂ ಉಳಿದಿದೆ. ಬೂಜಿ ಎಂಬ ಊರಿನಲ್ಲಿ ಮೂರನೆಯ ತೋಟ ಇತ್ತು, ಅದು ಅದೇ ಹುಳುವಿಗೆ 2000ದ ದಶಕದಲ್ಲಿ ಬಲಿಯಾಯಿತು.

ಇಲ್ಲಿ ಬಳ್ಳಿಗಳು ಸಾಲಿನಲ್ಲಿಲ್ಲ, ಗುಂಪುಗುಂಪಾಗಿವೆ. ಹೊಸ ಬಳ್ಳಿ ಬೇಕಾದರೆ ಹಳೆಯದರ ಕುಡಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳುತ್ತಾರೆ, ಅದು ಅಲ್ಲೇ ಬೇರು ಬಿಡುತ್ತದೆ. ಟ್ರ್ಯಾಕ್ಟರ್ ಒಳಗೆ ಹೋಗುವ ಹಾಗಿಲ್ಲ, ಎಲ್ಲ ಕೈಕೆಲಸ. ಇವುಗಳಿಂದ 1969ರ ಕೊಯ್ಲಿನಿಂದ ಈಚೆಗೆ ವಿಯೇಯ್ ವೀನ್ಯ್ ಫ್ರಾಂಸೇಜ್ ಎಂಬ ಶಾಂಪೇನ್ ಬರುತ್ತಿದೆ. ತುಂಬಾ ಕಮ್ಮಿ ಬಾಟಲಿ, ಬೆಲೆ ಕೇಳುವ ಹಾಗೇ ಇಲ್ಲ. ನಾನು ಇನ್ನೂ ಕುಡಿದಿಲ್ಲ. ಆದರೆ ಈ ಮನೆ ಪಿನೊ ನ್ವಾರನ್ನು ಯಾಕೆ ಇಷ್ಟು ಹಚ್ಚಿಕೊಂಡಿದೆ ಅನ್ನುವುದಕ್ಕೆ ಆ ತೋಟದ ಗೋಡೆಯ ಪಕ್ಕ ನಿಂತಾಗಲೇ ನನಗೆ ಉತ್ತರ ಸಿಕ್ಕಿತು. ಲಾಭ ನೋಡುವವರು ಆ ಜಾಗದಲ್ಲಿ ಎಂದೋ ಕಸಿ ಬಳ್ಳಿ ನೆಡುತ್ತಿದ್ದರು.

ಈಗ ಹುಡುಗರಿಗೆ ನಾನು ಕೊಡುವ ಕ್ರಮ ಹೀಗೆ. ಒಂದೇ ಸಲ ಎರಡು ಸ್ಪೆಷಲ್ ಕುವೇ ಕೊಳ್ಳಿ. ಒಂದನ್ನು ಈಗಲೇ ಬಿಚ್ಚಿ, ಏನು ಕಂಡಿತು ಅಂತ ನಿಮ್ಮ ಮಾತಿನಲ್ಲೇ ಬರೆದಿಡಿ. ಇನ್ನೊಂದನ್ನು ಬೆಳಕು ಬೀಳದ, ತಂಪಾದ ಜಾಗದಲ್ಲಿ ಮಲಗಿಸಿಟ್ಟು ಎರಡು ಮೂರು ವರ್ಷ ಬಿಡಿ. ಬೆಂಗಳೂರಿನ ಅಡುಗೆಮನೆ ಕಪಾಟು ಇದಕ್ಕೆ ಆಗುವುದಿಲ್ಲ, ಬೇಸಿಗೆಯಲ್ಲಿ ಕಾದುಬಿಡುತ್ತದೆ. ವೈನ್ ಫ್ರಿಜ್ ಇರುವ ಗೆಳೆಯರು ಯಾರಾದರೂ ಇದ್ದರೆ ಅವರ ಹತ್ತಿರ ಇಡಿ. ಲಾ ಗ್ರಾಂಡ್ ಅನ್ನೇ ವಿಷಯ ಆ ಎರಡನೇ ಬಾಟಲಿ ಬಿಚ್ಚಿದ ಮೇಲೆ ಮಾತಾಡೋಣ.