ಹೊಸ ಊರಿನಲ್ಲಿ ಅಲ್ಲಿಯದೇ ಬಿಯರ್ ಸವಿಯುವ ಬಗೆ

ಪ್ರವಾಸ ಹೋದ ಊರಿನಲ್ಲಿ ಅಲ್ಲಿಯದೇ ಬಿಯರ್ ಕುಡಿದು ನೋಡಬೇಕೆನ್ನುವವರು, ಕೈಗೆ ಬಂದ ಬಾಟಲಿ ನಿಜಕ್ಕೂ ಅಲ್ಲಿಯದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಒಂದು ದೇಶದ ಹೆಸರು ಹೊತ್ತ ಎಷ್ಟೋ ಬಿಯರ್‌ಗಳು ಪರವಾನಗಿಯ ಮೇಲೆ ಬೇರೆಲ್ಲೋ ತಯಾರಾಗುತ್ತವೆ. ಆದ್ದರಿಂದ ಮುಂಬದಿಯ ಚಿತ್ರಕ್ಕೆ ಮರುಳಾಗದೆ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ತಯಾರಿಕೆಯ ಸ್ಥಳವನ್ನೂ ದಿನಾಂಕವನ್ನೂ ಓದುವುದು ಒಳ್ಳೆಯದು. ಬಹುತೇಕ ಬಿಯರ್‌ಗಳು ಇಟ್ಟಷ್ಟೂ ರುಚಿ ಹೆಚ್ಚುವ ಪಾನೀಯಗಳಲ್ಲ. ಬಿಯರ್‌ಗೆ ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ಸ್ ಹೂವಿನ ಪರಿಮಳ ಕೆಲವೇ ತಿಂಗಳುಗಳಲ್ಲಿ ಮಂಕಾಗುತ್ತದೆ. ಬಿಸಿಲು ತಗುಲಿದರಂತೂ ಹಾಪ್ಸ್‌ನ ಕಹಿ ಅಂಶಗಳು ಒಡೆದು ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜಿಗೂ ಬಣ್ಣವಿಲ್ಲದ ಗಾಜಿಗೂ ಅಷ್ಟು ಶಕ್ತಿಯಿಲ್ಲ. ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ ಹಸಿರು ಬಾಟಲಿಗಳು ನೋಡಲು ಎಷ್ಟೇ ಅಂದವಾಗಿದ್ದರೂ ಅವನ್ನು ಕೊಳ್ಳದಿರುವುದೇ ಲೇಸು.

ಸಾಧ್ಯವಿದ್ದಲ್ಲಿ ಬ್ರೂವರಿಗೇ ಹೋಗಿ, ಇಲ್ಲವೇ ಜನ ಹೆಚ್ಚು ಸೇರುವ ಕಡೆ, ಪೀಪಾಯಿಯಿಂದ ನೇರ ಲೋಟಕ್ಕೆ ಬಿಡುವ ಡ್ರಾಫ್ಟ್ ಬಿಯರ್ ಕೇಳಬೇಕು. ಯಾವುದು ಚೆನ್ನಾಗಿದೆ ಎಂದು ಕೇಳುವುದಕ್ಕಿಂತ ಯಾವುದು ಹೆಚ್ಚು ಖರ್ಚಾಗುತ್ತದೆ ಎಂದು ಕೇಳುವುದು ಜಾಣತನ, ಏಕೆಂದರೆ ಬೇಗ ಖಾಲಿಯಾಗುವ ಪೀಪಾಯಿಯಲ್ಲಿ ಇರುವುದು ತಾಜಾ ಸರಕು. ಲೋಟವನ್ನೂ ಒಮ್ಮೆ ಗಮನಿಸಿ. ಗುಳ್ಳೆಗಳು ಮೇಲೇರದೆ ಗಾಜಿನ ಒಳಗೋಡೆಗೆ ಅಂಟಿ ನಿಂತಿದ್ದರೆ ಲೋಟದಲ್ಲಿ ಜಿಡ್ಡೋ ಸಾಬೂನೋ ಉಳಿದಿದೆ ಎಂದರ್ಥ. ಶುಚಿಯಾದ ಲೋಟದಲ್ಲಿ ಪ್ರತಿ ಗುಟುಕಿನ ನಂತರ ನೊರೆಯ ಒಂದೊಂದು ಬಳೆ ಉಳಿದುಹೋಗುತ್ತದೆ.

ಯಾವ ಊರಿನಲ್ಲಿ ಯಾವ ಬಗೆಯನ್ನು ಕೇಳಬೇಕು ಎಂಬುದಕ್ಕೆ ಅಲ್ಲಿಯ ನೀರು ಒಳ್ಳೆಯ ಸುಳಿವು ಕೊಡುತ್ತದೆ, ಏಕೆಂದರೆ ಬಿಯರ್‌ನಲ್ಲಿ ಹೆಚ್ಚಿನ ಪಾಲು ನೀರೇ. ಚೆಕ್ ನಾಡಿನ ಪಿಲ್ಸೆನ್ ನಗರದ ನೀರು ಲವಣಾಂಶ ಕಡಿಮೆಯಿರುವ, ತೀರ ಮೆದುವಾದದ್ದು. 1842ರಲ್ಲಿ ಬಿಯರ್ ತಯಾರಕ ಯೋಸೆಫ್ ಗ್ರೋಲ್ ಅಲ್ಲಿ ತಯಾರಿಸಿದ ಹೊಂಬಣ್ಣದ ಲೇಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್) ಇಂದು ಜಗತ್ತೆಲ್ಲ ಕುಡಿಯುವ ಬಿಯರ್‌ಗೆ ಮಾದರಿಯಾಯಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಂ ಹೆಚ್ಚಾಗಿದ್ದು, ಅದು ಹಾಪ್ಸ್‌ನ ಕಹಿಯನ್ನು ಎತ್ತಿ ತೋರಿಸುವುದರಿಂದ ಅಲ್ಲಿ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಹೆಸರು ಮಾಡಿತು. ಬ್ರಸೆಲ್ಸ್ ಸುತ್ತಮುತ್ತಲ ಲ್ಯಾಂಬಿಕ್ ಬಿಯರ್‌ನ ಬಗೆಯೇ ಬೇರೆ. ಅದಕ್ಕೆ ಯೀಸ್ಟ್ ಬೆರೆಸದೆ, ಗಾಳಿಯಲ್ಲೂ ಮರದ ಪೀಪಾಯಿಗಳಲ್ಲೂ ಇರುವ ಸೂಕ್ಷ್ಮಜೀವಿಗಳಿಂದಲೇ ಹುದುಗಲು ಬಿಡುತ್ತಾರೆ. ಮೊದಲ ಗುಟುಕಿಗೆ ಹುಳಿ ತಲೆಗೇರಿ, ಕೆಟ್ಟುಹೋಗಿದೆಯೆಂದು ಲೋಟ ಸರಿಸಿಬಿಡುವವರೇ ಹೆಚ್ಚು. ಇನ್ನೆರಡು ಗುಟುಕಿನವರೆಗಾದರೂ ತಾಳಿಕೊಂಡರೆ ಹುಳಿಯ ಹಿಂದಿರುವ ರುಚಿ ತಿಳಿಯುತ್ತದೆ. ಹಾಗೆಯೇ ಇಂಗ್ಲೆಂಡಿನ ಕಾಸ್ಕ್ ಏಲ್ ಅನ್ನು, ಅಂದರೆ ಬಡಿಸುವ ಪೀಪಾಯಿಯಲ್ಲೇ ಹುದುಗಿ ಹದಗೊಳ್ಳುವ ಬಿಯರನ್ನು, 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡಿಮೆ ಗುಳ್ಳೆಯೊಂದಿಗೆ ಕೊಡುವುದೇ ರೂಢಿಯಾದ್ದರಿಂದ, ತಣ್ಣಗಿಲ್ಲವೆಂದು ಅದನ್ನು ಹಿಂದಿರುಗಿಸಬೇಕಾಗಿಲ್ಲ. ಅತಿಯಾದ ತಂಪು ಪರಿಮಳವನ್ನು ಅಡಗಿಸುತ್ತದೆ.

ಬಣ್ಣ ನೋಡಿ ಅಮಲನ್ನು ಅಳೆಯಬಾರದು. ಕಡುಗಪ್ಪಾದ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ. 4.2ರ ಆಸುಪಾಸಿನಲ್ಲಿದ್ದರೆ, ತಿಳಿಹೊನ್ನಿನ ಬಣ್ಣದ ಬೆಲ್ಜಿಯಂನ ಡೂವೆಲ್‌ನಲ್ಲಿ ಶೇ. 8.5 ಇರುತ್ತದೆ. ಚೆಕ್ ನಾಡಿನಲ್ಲಿ 10 ಡಿಗ್ರಿ, 12 ಡಿಗ್ರಿ ಎಂದು ಬರೆದಿರುವುದು ಹುದುಗುವ ಮೊದಲು, ಮೊಳಕೆ ಬರಿಸಿ ಒಣಗಿಸಿದ ಧಾನ್ಯವಾದ ಮಾಲ್ಟ್‌ನಿಂದ ಬಂದ ಸಕ್ಕರೆಯ ಸಾಂದ್ರತೆಯೇ ಹೊರತು ಆಲ್ಕೋಹಾಲ್ ಅಲ್ಲ. 12 ಡಿಗ್ರಿಯ ಬಿಯರ್‌ನಲ್ಲಿ ಆಲ್ಕೋಹಾಲ್ ಶೇ. 5ರಷ್ಟಿರುತ್ತದೆ. ಅಳತೆಯೂ ಊರಿಂದೂರಿಗೆ ಬೇರೆ. ಬ್ರಿಟನ್ನಿನ ಪೈಂಟ್ ಎಂದರೆ 568 ಮಿಲಿ, ಅಮೆರಿಕದ್ದು 473 ಮಿಲಿ, ಮ್ಯೂನಿಕ್‌ನ ದೊಡ್ಡ ಮಗ್ ಪೂರಾ ಒಂದು ಲೀಟರ್. ಕಲೋನ್ ನಗರದಲ್ಲಿ ಕೋಲ್ಶ್ ಬಿಯರ್ ಸಾಮಾನ್ಯವಾಗಿ 200 ಮಿಲಿಯ ಉದ್ದ ಲೋಟದಲ್ಲಿ ಬರುತ್ತದೆ. ಅಷ್ಟೇ ತಾನೇ ಎಂದುಕೊಳ್ಳುವ ಹಾಗಿಲ್ಲ, ಲೋಟದಡಿಯ ರಟ್ಟನ್ನು ತೆಗೆದು ಲೋಟದ ಬಾಯಿಗೆ ಮುಚ್ಚುವವರೆಗೆ ಬಡಿಸುವವರು ಹೊಸ ಲೋಟ ತಂದಿಡುತ್ತಲೇ ಇರುತ್ತಾರೆ.

ಹಲವು ಬಗೆಗಳನ್ನು ನೋಡುವ ಆಸೆಯಿದ್ದರೆ ಅತಿ ಚಿಕ್ಕ ಅಳತೆಯನ್ನೇ ಕೇಳಬೇಕು. ಹಗುರವಾದದ್ದರಿಂದ ಆರಂಭಿಸಿ ಗಡುಸಾದದ್ದರತ್ತ, ಕಹಿ ಕಡಿಮೆಯಿರುವುದರಿಂದ ಹೆಚ್ಚಿರುವುದರತ್ತ ಹೋಗಬೇಕು. ಮೊದಲೇ ಕಡುಕಹಿಯನ್ನು ಕುಡಿದ ನಾಲಿಗೆಗೆ ಆಮೇಲೆ ಲೇಗರ್ ಬರೀ ನೀರೆನಿಸುತ್ತದೆ. ನಡುನಡುವೆ ನೀರು ಕುಡಿಯಬೇಕು, ಖಾಲಿ ಹೊಟ್ಟೆಯಲ್ಲಿ ಕೂರಬಾರದು.

ಕಾನೂನನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಕುಡಿಯಲು ಅನುಮತಿಯಿರುವ ವಯಸ್ಸು, ಮಾರಾಟದ ಹೊತ್ತು, ಬೀದಿಯಲ್ಲಿ ಕುಡಿಯಬಹುದೇ ಎಂಬುದೆಲ್ಲ ದೇಶದಿಂದ ದೇಶಕ್ಕೆ ಬದಲಾಗುತ್ತದೆ; ಕುವೈತ್‌ನಲ್ಲಿ ಮದ್ಯವೇ ನಿಷಿದ್ಧ. ಬಿಯರ್‌ಗೆ ಹೆಸರಾದ ಚೆಕ್ ನಾಡಿನಲ್ಲೇ ವಾಹನ ಚಾಲಕರ ರಕ್ತದಲ್ಲಿ ಆಲ್ಕೋಹಾಲ್‌ಗೆ ಅನುಮತಿಸಿದ ಮಿತಿ ಸೊನ್ನೆ.

ಬಾಟಲಿಗಳನ್ನು ಮನೆಗೆ ತರುವುದಾದರೆ, ಬಾಟಲಿಯಲ್ಲೇ ಮತ್ತೊಮ್ಮೆ ಹುದುಗುವ ಗಡುಸಾದ ಬಗೆಗಳನ್ನು ಆರಿಸಿಕೊಳ್ಳಿ, ಅವು ಪ್ರಯಾಣವನ್ನೂ ಕಾಲವನ್ನೂ ತಾಳುತ್ತವೆ. ಅವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ವಿಮಾನದ ಚೆಕ್-ಇನ್ ಸೂಟ್‌ಕೇಸಿನ ನಡುಭಾಗದಲ್ಲಿ ಇಡಬೇಕು. ಮನೆ ಮುಟ್ಟಿದ ಮೇಲೆ, ತಳದ ಗಸಿ ಇಳಿಯುವಂತೆ ಕೆಲವು ದಿನ ನೆಟ್ಟಗೆ ನಿಲ್ಲಿಸಿಟ್ಟು ಆನಂತರ ತೆರೆಯಬೇಕು.