ಬಾನೆಟ್ ಮೇಲೆ ಹಲಸಿನ ಮೇಣ

ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಅತ್ತೆ ಮನೆಯಿಂದ ಹೊರಡುವಾಗ, ಆಗಷ್ಟೇ ಕೊಯ್ದ ಹಲಸಿನಕಾಯನ್ನು ಯಾರೋ ನಮ್ಮ ಕೆಂಪು ಕಾರಿನ ಬಾನೆಟ್ ಮೇಲೆ ಇಟ್ಟುಬಿಟ್ಟರು. ಐದು ನಿಮಿಷ ಅಷ್ಟೇ. ತೊಟ್ಟಿನ ಸೊನೆ ಬಂಪರ್‌ವರೆಗೂ ಇಳಿದಿತ್ತು. ಒರೆಸಲು ಹೋದೆ, ಇನ್ನೂ ಹರಡಿತು. ಬೆಂಗಳೂರು ಮುಟ್ಟುವಷ್ಟರಲ್ಲಿ ಬಿಸಿಲಿಗೆ ಒಣಗಿ, ಧೂಳು ಮೆತ್ತಿ, ಕಂದು ಪಟ್ಟೆಗಳಾಗಿದ್ದವು.

ಶಾಂಪೂ ಹಾಕಿ ತೊಳೆದರೆ ಧೂಳು ಹೋಯಿತು, ಮೇಣ ಕದಲಲಿಲ್ಲ. ಅದು ನೀರಿಗೆ ಜಗ್ಗಲ್ಲ ಅಂತ ಹಣ್ಣು ಬಿಡಿಸಿದವರಿಗೆಲ್ಲ ಗೊತ್ತು. ಆದರೂ ಕಾರು ಅಂದ ಕೂಡಲೇ ನನ್ನ ತಲೆ ಥಿನ್ನರ್ ಕಡೆಗೇ ಓಡಿತು. ಬಂಪರ್ ಮೇಲೆ ಎರಡು ಸಲ ಉಜ್ಜಿದೆ. ಮೇಣ ಬಂತು, ಜೊತೆಗೆ ಬಟ್ಟೆಯೂ ಕೆಂಪಾಯಿತು! ಹಿಂದಿನ ವರ್ಷ ಆ ಬಂಪರ್‌ಗೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದು ಆಗ ನೆನಪಾಯಿತು. ಫ್ಯಾಕ್ಟರಿಯಲ್ಲಿ ಬಾಡಿಯ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಗಟ್ಟಿ ಮಾಡಿರುತ್ತಾರೆ. ಗ್ಯಾರೇಜಿನ ಬಣ್ಣಕ್ಕೆ ಅಷ್ಟು ತಾಳಿಕೆ ಇರುವುದಿಲ್ಲ.

ಅತ್ತೆ ಫೋನಿನಲ್ಲಿ ನಕ್ಕರು. "ಅಳಿಯಂದ್ರೇ, ಕೈಗೆ ಹಚ್ಚಿಕೊಳ್ಳೋದನ್ನೇ ಕಾರಿಗೂ ಹಚ್ಚಿ ನೋಡಿ."

ಸಂಜೆ, ಬಾನೆಟ್ ಪೂರ್ತಿ ತಣ್ಣಗಾದ ಮೇಲೆ ಶುರು ಮಾಡಿದೆ. ಹಳೇ ಬನಿಯನ್ ಬಟ್ಟೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಪಟ್ಟೆಗಳ ಮೇಲೆ ಹಾಸಿ, ಹದಿನೈದು ನಿಮಿಷ ಸುಮ್ನೆ ಬಿಟ್ಟೆ. ಕೆಲಸವೆಲ್ಲ ಆಗೋದು ಈ ಕಾಯುವುದರಲ್ಲೇ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರೆ ಮೇಣ ಸಣ್ಣ ಸಣ್ಣ ಉಂಡೆಯಾಗಿ ಸುತ್ತಿಕೊಂಡು ಬಂತು. ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸುತ್ತಿದ್ದೆ, ಯಾಕೆಂದರೆ ಬಂದ ಮೇಣದಲ್ಲೂ ಮಣ್ಣಿನ ಕಣ ಇರುತ್ತೆ, ಗೀರು ಬೀಳೋದು ಅದರಿಂದಲೇ. ಪಾತ್ರೆ ತಿಕ್ಕುವ ನಾರಂತೂ ಹತ್ತಿರಕ್ಕೂ ತರಬೇಡಿ.

ದಪ್ಪಗಿದ್ದ ಎರಡು ಕಡೆ ಮಾತ್ರ ಮೂರು ಸಲ ಎಣ್ಣೆ ಹಾಕಬೇಕಾಯಿತು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮೊದಲು ಒತ್ತಿ ಹಿಡಿದರೆ ಬೇಗ ಮೆತ್ತಗಾಗುತ್ತೆ. ಕೊನೆಗೆ ಶಾಂಪೂವಿನಿಂದ ಎರಡು ಸಲ ತೊಳೆದೆ. ಎಣ್ಣೆ ಉಳಿದರೆ ಬೆಳಿಗ್ಗೆಗೆ ಊರಿನ ಧೂಳೆಲ್ಲ ಅಲ್ಲೇ, ಅಲ್ವಾ? ಒಂದು ಪಟ್ಟೆಯ ನೆರಳು ಉಳಿದಿತ್ತು. ಅದಕ್ಕೆ ಸ್ವಲ್ಪವೇ ಪಾಲಿಶ್ ಹಾಕಿ, ಮೇಲೆ ವ್ಯಾಕ್ಸ್ ಸವರಿದೆ.

ಬಾನೆಟ್ ಈಗ ಹೊಸದರ ಹಾಗಿದೆ. ಬಂಪರ್ ಮೇಲಿನ ಅಂಗೈಯಗಲ ಮಂಕು ಹಾಗೇ ಇದೆ. ಕೇಳಿದವರಿಗೆಲ್ಲ ಗ್ಯಾರೇಜಿನವರ ಕೆಲಸ ಸರಿಯಿಲ್ಲ ಅನ್ನುತ್ತೇನೆ, ಥಿನ್ನರ್ ವಿಷಯ ಎತ್ತುವುದಿಲ್ಲ.